ಸ್ಕಿಡ್ ಸ್ಟಿಯರ್ ಯಂತ್ರದ ಲಿವರ್ ಸಿಕ್ಕಿಕೊಂಡರೆ ದೋಷವನ್ನು ಎಲ್ಲಿಂದ ಹುಡುಕಬೇಕು?

ರಸ್ತೆ ಕಾಮಗಾರಿಯ ಬದಿಯಲ್ಲೋ, ಗ್ರಾನೈಟ್ ಯಾರ್ಡಿನಲ್ಲೋ, ದೊಡ್ಡ ಹೈನುಗಾರಿಕೆಯ ಕೊಟ್ಟಿಗೆಯಲ್ಲೋ ಮುಂದೆ ಬಕೆಟ್ ಹೊತ್ತುಕೊಂಡು ನಿಂತಲ್ಲೇ ಗಿರಕಿ ಹೊಡೆಯುವ ಗಿಡ್ಡನೆಯ ಯಂತ್ರವನ್ನು ನಮ್ಮಲ್ಲಿ ಬಹುಪಾಲು ಜನ ಬಾಬ್‌ಕ್ಯಾಟ್ ಎಂದೇ ಕರೆಯುತ್ತಾರೆ. ನೆಲ ಅಗೆಯುವ ಯಂತ್ರಗಳೆಲ್ಲ ಜೆಸಿಬಿ ಆದ ಹಾಗೆ ಇಲ್ಲಿಯೂ ಒಂದು ಕಂಪನಿಯ ಹೆಸರು ಇಡೀ ಜಾತಿಗೆ ಅಂಟಿಕೊಂಡಿದೆ. ಯಾವ ಕಂಪನಿ ಮಾಡಿದರೂ ಈ ಬಗೆಯ ಯಂತ್ರದ ಸರಿಯಾದ ಹೆಸರು ಸ್ಕಿಡ್ ಸ್ಟಿಯರ್ ಲೋಡರ್. ಇದಕ್ಕೆ ಸ್ಟಿಯರಿಂಗ್ ವೀಲ್ ಇಲ್ಲ. ಆಪರೇಟರನ ಎಡಗೈಗೊಂದು, ಬಲಗೈಗೊಂದು ಲಿವರ್ ಇರುತ್ತದೆ, ಮುಂದೆ ಹೋಗುವುದು, ಹಿಂದೆ ಬರುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ಎರಡು ಲಿವರ್‌ಗಳಿಂದಲೇ ನಡೆಯಬೇಕು. ಆದ್ದರಿಂದ ಲಿವರ್ ಹಿಡಿದುಕೊಂಡಿತೆಂದರೆ ಕಾರಿನ ಸ್ಟಿಯರಿಂಗ್ ಬಿಗಿಯಾದಷ್ಟಕ್ಕೆ ಮುಗಿಯುವುದಿಲ್ಲ. ಆಕ್ಸಿಲರೇಟರ್, ಬ್ರೇಕ್, ಸ್ಟಿಯರಿಂಗ್ ಮೂರೂ ಒಟ್ಟಿಗೆ ಕೈಕೊಟ್ಟ ಹಾಗಾಗುತ್ತದೆ.

ಈ ತೊಂದರೆಯ ಬಗ್ಗೆ ವರ್ಕ್‌ಶಾಪಿಗೆ ಬರುವ ಫೋನಿನಲ್ಲಿ ಸಾಮಾನ್ಯವಾಗಿ ಕೇಳಿಸುವುದು ಒಂದೇ ಮಾತು, ಲಿವರ್ ಜಾಮ್ ಆಗಿದೆ ಎಂಬುದು. ಆದರೆ ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳು ಇರಬಹುದು. ಲಿವರ್ ಆರಂಭದಿಂದ ಕೊನೆಯವರೆಗೆ ಒಂದೇ ಸಮನೆ ಬಿಗಿಯಾಗಿರಬಹುದು. ಸಲೀಸಾಗಿ ಹೋಗುತ್ತಾ ನಡುವೆ ಒಂದು ಜಾಗದಲ್ಲಿ ಮಾತ್ರ ಸಿಕ್ಕಿಕೊಳ್ಳಬಹುದು. ತಳ್ಳಿದಾಗ ಚೆನ್ನಾಗಿಯೇ ಹೋಗಿ, ಕೈ ಬಿಟ್ಟಾಗ ನ್ಯೂಟ್ರಲ್‌ಗೆ ಮರಳದೆ ಅಲ್ಲೇ ನಿಲ್ಲಬಹುದು. ಅಥವಾ ಲಿವರ್ ಮರಳಿ ನೆಟ್ಟಗೆ ನಿಂತಿದ್ದರೂ ಯಂತ್ರ ಮಾತ್ರ ನಿಲ್ಲದೆ ನಿಧಾನವಾಗಿ ತೆವಳುತ್ತಿರಬಹುದು. ಈ ನಾಲ್ಕಕ್ಕೂ ಕಾರಣ ಸಿಗುವ ಜಾಗಗಳು ಬೇರೆ ಬೇರೆ. ನಾಲ್ಕನ್ನೂ ಜಾಮ್ ಎಂಬ ಒಂದೇ ಪದದಲ್ಲಿ ಹೇಳಿಬಿಡುವುದರಿಂದಲೇ ಸರಿಯಿದ್ದ ಪಂಪ್ ಬಿಚ್ಚಿಸಿಕೊಳ್ಳುತ್ತದೆ, ಕೆಟ್ಟಿದ್ದ ಹತ್ತು ರೂಪಾಯಿಯ ಬುಷ್ (ಶಾಫ್ಟಿನ ಸುತ್ತ ಕೂರುವ ಕೊಳವೆಯಂಥ ಬಿಡಿಭಾಗ) ಹಾಗೆಯೇ ಉಳಿಯುತ್ತದೆ. ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಆಪರೇಟರನ್ನು ಕೂರಿಸಿಕೊಂಡು, ಯಾವಾಗ, ಯಾವ ಕಡೆಯ ಲಿವರ್, ಮುಂದಕ್ಕೋ ಹಿಂದಕ್ಕೋ, ಬೆಳಿಗ್ಗೆಯೋ ಯಂತ್ರ ಕಾದ ಮೇಲೋ ಎಂದು ಕೇಳಲು ಕಳೆಯುವ ಹತ್ತು ನಿಮಿಷ ವ್ಯರ್ಥವಲ್ಲ.

ಕೈಯಿಂದ ಚಕ್ರದವರೆಗೆ

ದೋಷ ಎಲ್ಲಿದೆ ಎಂದು ಊಹಿಸಬೇಕಾದರೆ ಕೈಯ ಬಲ ಚಕ್ರವನ್ನು ತಲುಪುವ ದಾರಿ ಗೊತ್ತಿರಬೇಕು. ಈ ಯಂತ್ರದ ಚಕ್ರಗಳು ಕಾರಿನ ಚಕ್ರಗಳಂತೆ ಓರೆಯಾಗುವುದಿಲ್ಲ, ಆಕ್ಸಲ್‌ಗೆ ನೆಟ್ಟಗೆ ಕೂತಿರುತ್ತವೆ. ಎಡಗಡೆಯ ಎರಡು ಚಕ್ರಗಳು ಒಂದು ಜೋಡಿ, ಬಲಗಡೆಯವು ಇನ್ನೊಂದು ಜೋಡಿ. ಬಹುತೇಕ ಮಾದರಿಗಳಲ್ಲಿ ಪ್ರತಿ ಜೋಡಿಯನ್ನೂ ಆಯಿಲ್ ತುಂಬಿದ ಚೈನ್ ಕೇಸಿನೊಳಗಿನ ಚೈನ್‌ಗಳು ಒಂದೇ ಹೈಡ್ರಾಲಿಕ್ ಮೋಟರ್‌ಗೆ ಸೇರಿಸುತ್ತವೆ. ಎರಡೂ ಕಡೆ ಒಂದೇ ವೇಗವಿದ್ದರೆ ಯಂತ್ರ ನೇರ ಹೋಗುತ್ತದೆ, ಒಂದು ಕಡೆ ನಿಧಾನವಾದರೆ ಆ ಕಡೆಗೆ ತಿರುಗುತ್ತದೆ, ಒಂದು ಕಡೆ ಮುಂದಕ್ಕೂ ಇನ್ನೊಂದು ಕಡೆ ಹಿಂದಕ್ಕೂ ಉರುಳಿದರೆ ನಿಂತಲ್ಲೇ ಸುತ್ತುತ್ತದೆ. ಹೀಗೆ ತಿರುಗುವಾಗಲೆಲ್ಲ ಟೈರ್‌ಗಳು ಅಡ್ಡಡ್ಡಲಾಗಿ ನೆಲವನ್ನು ಉಜ್ಜುತ್ತಾ ಜಾರಲೇಬೇಕು. ಹೆಸರಿನಲ್ಲಿರುವ ಸ್ಕಿಡ್ ಎಂಬ ಪದ ಅದನ್ನೇ ಹೇಳುತ್ತದೆ.

ಪ್ರತಿ ಕಡೆಯ ಮೋಟರ್‌ಗೆ ಆಯಿಲ್ ಕೊಡಲು ಒಂದೊಂದು ಪಂಪ್ ಇದೆ. ಸಾಮಾನ್ಯವಾಗಿ ಎರಡೂ ಪಂಪ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಎಂಜಿನ್ನಿಗೆ ಕಟ್ಟಿರುತ್ತಾರೆ. ಈ ಪಂಪಿನೊಳಗೆ ವೃತ್ತಾಕಾರವಾಗಿ ನಿಲ್ಲಿಸಿದ ಪುಟ್ಟ ಪಿಸ್ಟನ್‌ಗಳು ಸುತ್ತುತ್ತಿರುತ್ತವೆ, ಅವುಗಳ ಪಾದಗಳು ಸ್ವಾಶ್‌ಪ್ಲೇಟ್ ಎಂಬ, ಓರೆಯಾಗಬಲ್ಲ ಒಂದು ತಟ್ಟೆಯ ಮೇಲೆ ಜಾರುತ್ತಿರುತ್ತವೆ. ತಟ್ಟೆ ನೆಟ್ಟಗಿದ್ದರೆ ಪಿಸ್ಟನ್‌ಗಳು ಬರಿದೇ ಸುತ್ತುತ್ತವೆ, ಒಳಹೊರಗೆ ಆಡುವುದಿಲ್ಲ. ಆಯಿಲ್ ಮುಂದಕ್ಕೆ ಹೋಗುವುದಿಲ್ಲ, ಚಕ್ರ ನಿಂತಿರುತ್ತದೆ. ತಟ್ಟೆ ಒಂದು ಕಡೆ ಓರೆಯಾದಷ್ಟೂ ಪಿಸ್ಟನ್‌ಗಳ ಆಟ ಹೆಚ್ಚುತ್ತದೆ, ಚಕ್ರ ವೇಗವಾಗಿ ಮುಂದಕ್ಕೆ ಉರುಳುತ್ತದೆ. ಇನ್ನೊಂದು ಕಡೆ ಓರೆಯಾದರೆ ಆಯಿಲ್ ಹರಿಯುವ ದಿಕ್ಕೇ ಬದಲಾಗಿ ಚಕ್ರ ಹಿಂದಕ್ಕೆ ತಿರುಗುತ್ತದೆ. ಅಂದರೆ ಆಪರೇಟರ್ ಲಿವರ್ ಹಿಡಿದು ನಿಜವಾಗಿ ಮಾಡುವ ಕೆಲಸ ಈ ತಟ್ಟೆಯನ್ನು ವಾಲಿಸುವುದೊಂದೇ. ಇಂಥ ಪಂಪ್‌ಗಳಲ್ಲಿ ತಟ್ಟೆ ಒಂದು ಕಡೆಗೆ ಪೂರ್ತಿ ವಾಲಿದರೂ ಸುಮಾರು 15ರಿಂದ 18 ಡಿಗ್ರಿ ಮಾತ್ರ. ನಿಂತ ಯಂತ್ರಕ್ಕೂ ಪೂರ್ಣ ವೇಗದ ಯಂತ್ರಕ್ಕೂ ನಡುವಿನ ಅಂತರ ಇಷ್ಟೇ ಆಗಿರುವುದರಿಂದ, ತಟ್ಟೆ ನ್ಯೂಟ್ರಲ್‌ಗೆ ಒಂದೆರಡು ಡಿಗ್ರಿ ಬಾಕಿ ಉಳಿಸಿಕೊಂಡು ನಿಂತರೂ ಯಂತ್ರ ತೆವಳುತ್ತದೆ.

ಲಿವರ್‌ನಿಂದ ತಟ್ಟೆಯವರೆಗಿನ ದಾರಿ ಹೀಗಿದೆ: ಲಿವರ್‌ನ ಬುಡ ಸೀಟಿನ ಪಕ್ಕದಲ್ಲೋ ಕೆಳಗೋ ಒಂದು ಅಡ್ಡ ಶಾಫ್ಟಿನ ಮೇಲೆ ಬುಷ್‌ನಲ್ಲಿ ಆಡುತ್ತದೆ, ಅಲ್ಲಿಂದ ಎರಡೂ ತುದಿಗೆ ಬಾಲ್ ಜಾಯಿಂಟ್ (ಗುಂಡಿನ ಮೇಲೆ ಹೊರಳುವ ಕೀಲು) ಇರುವ ಒಂದು ಲಿಂಕ್ ರಾಡ್ ಹಿಂದಕ್ಕೆ ಹೋಗುತ್ತದೆ, ಅದು ಪಂಪಿನ ಮೇಲಿರುವ ಗೇಣಿಗಿಂತ ಚಿಕ್ಕದಾದ ಆರ್ಮ್ ಒಂದನ್ನು ಹಿಡಿಯುತ್ತದೆ, ಆರ್ಮ್ ತಿರುಗಿದರೆ ಒಳಗಿನ ತಟ್ಟೆ ವಾಲುತ್ತದೆ. ಕೈ ಬಿಟ್ಟ ಕೂಡಲೇ ಎಲ್ಲವನ್ನೂ ನಡುವಿಗೆ ಎಳೆದು ತರಲು ಸ್ಪ್ರಿಂಗ್‌ಗಳ ಒಂದು ಜೋಡಣೆ ಇದೆ, ಪಂಪಿನ ನಡುಕ ಲಿವರ್‌ಗೆ ಬಡಿಯದಂತೆ ಹಲವು ಮಾದರಿಗಳಲ್ಲಿ ಒಂದು ಪುಟ್ಟ ಡ್ಯಾಂಪರ್ ಕೂಡ ಇರುತ್ತದೆ. ಇವುಗಳಲ್ಲಿ ಬಹುಪಾಲು ಇರುವುದು ಆಪರೇಟರನ ಪಾದದ ಕೆಳಗೆ ಅಥವಾ ಸೀಟಿನ ಹಿಂದೆ, ಅಂದರೆ ಇಡೀ ಯಂತ್ರದ ಕೊಳೆ ಇಳಿದು ಸೇರುವ ಜಾಗದಲ್ಲಿ.

ಈ ಯಂತ್ರ ಹುಟ್ಟಿದ್ದೇ ಕೊಳೆ ಬಳಿಯುವುದಕ್ಕಾಗಿ. 1957ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಲೂಯಿ ಮತ್ತು ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಟರ್ಕಿ ಕೋಳಿಗಳ ಕೊಟ್ಟಿಗೆಯಿಂದ ಗೊಬ್ಬರ ಎತ್ತಲು ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿದರು. ಮೆಲ್ರೋ ಎಂಬ ಕಂಪನಿ ಅದನ್ನು ತಯಾರಿಸಲು ಮುಂದಾಗಿ, 1960ರಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಎಂ-400 ಮಾದರಿಯನ್ನು ತಂದಿತು. ಬಾಬ್‌ಕ್ಯಾಟ್ ಎಂಬ ಹೆಸರು ಬಂದದ್ದು 1962ರಲ್ಲಿ. ಆಗ ಲಿವರ್ ಹಿಡಿಯುತ್ತಿದ್ದುದು ಕ್ಲಚ್‌ಗಳನ್ನು, ಇಂದು ಹಿಡಿಯುವುದು ಪಂಪನ್ನು. ಕೊಳೆ ಮಾತ್ರ ಅಂದೂ ಇಂದೂ ಅದೇ ಜಾಗಕ್ಕೆ ಬಂದು ಕೂರುತ್ತದೆ.

ಓಡುತ್ತಿರುವಾಗಲೇ ಸಿಕ್ಕಿಕೊಂಡರೆ

ರಿಪೇರಿಯ ಮಾತಿಗಿಂತ ಮುಂಚೆ ಇದೊಂದನ್ನು ಪ್ರತಿ ಆಪರೇಟರನಿಗೂ ಹೇಳಿಕೊಡಬೇಕು. ಯಂತ್ರ ಮುಂದಕ್ಕೆ ಓಡುತ್ತಿರುವಾಗ ಬಲಗಡೆಯ ಲಿವರ್ ಸಿಕ್ಕಿಕೊಂಡಿತೆಂದುಕೊಳ್ಳಿ. ಗಾಬರಿಯಲ್ಲಿ ಯಾರಾದರೂ ಮಾಡುವುದು ಎರಡೂ ಕೈ ಬಿಡುವುದನ್ನೇ. ಎಡ ಲಿವರ್ ನ್ಯೂಟ್ರಲ್‌ಗೆ ಮರಳುತ್ತದೆ, ಎಡಚಕ್ರಗಳು ಗಕ್ಕನೆ ನಿಲ್ಲುತ್ತವೆ, ಬಲಚಕ್ರಗಳು ಓಡುತ್ತಲೇ ಇರುವುದರಿಂದ ಯಂತ್ರ ಒಮ್ಮೆಲೇ ಎಡಕ್ಕೆ ಸುತ್ತುತ್ತದೆ; ಪಕ್ಕದಲ್ಲಿ ಹೆಲ್ಪರ್ ನಿಂತಿದ್ದರೆ ಬಕೆಟ್ಟು ಅವನ ಮೇಲೆ ಬೀಸಿಕೊಂಡು ಹೋಗುತ್ತದೆ. ಅದರ ಬದಲು ಸರಿಯಿರುವ ಲಿವರನ್ನು ಹಿಡಿದೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ಕೀ ತಿರುಗಿಸಿ ಎಂಜಿನ್ ನಿಲ್ಲಿಸಬೇಕು. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ಮೋಟರ್‌ಗೆ ಆಯಿಲ್ ಇಲ್ಲ, ಚಕ್ರಗಳು ಹೈಡ್ರಾಲಿಕ್‌ನ ಹಿಡಿತದಲ್ಲೇ ನಿಲ್ಲುತ್ತವೆ. ನಿಲುಗಡೆ ಒರಟಾಗಿರುತ್ತದೆ, ಸೀಟ್ ಬೆಲ್ಟ್ ಕಟ್ಟಿರಬೇಕು, ಬಕೆಟ್ ನೆಲದ ಹತ್ತಿರ ಇರಬೇಕು ಎಂಬ ಹಳೆಯ ಉಪದೇಶದ ಬೆಲೆ ತಿಳಿಯುವುದು ಆಗಲೇ. ಹೀಗೆ ಒಂದು ಸಲ ಆದ ಯಂತ್ರವನ್ನು ಆಮೇಲೆ ಸರಿಹೋಯಿತು ಎಂದು ಮತ್ತೆ ಕೆಲಸಕ್ಕೆ ಹಚ್ಚುವುದು ನನ್ನ ದೃಷ್ಟಿಯಲ್ಲಿ ಅಪರಾಧ.

ಪರೀಕ್ಷೆಗೆ ಮುನ್ನ ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಬಕೆಟ್ ಎತ್ತುವ ಲಿಫ್ಟ್ ಆರ್ಮ್‌ಗಳನ್ನು ಪೂರ್ತಿ ಕೆಳಗಿಳಿಸಿ, ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಳ್ಳಬೇಕು. ಲಿಫ್ಟ್ ಆರ್ಮ್ ಎತ್ತಿಯೇ ಕೆಲಸ ಮಾಡಬೇಕಾದ ಮಾದರಿಯಾಗಿದ್ದರೆ ಕಂಪನಿ ಕೊಟ್ಟಿರುವ ಆರ್ಮ್ ಸಪೋರ್ಟನ್ನೇ ಹಾಕಬೇಕು. ಮರದ ತುಂಡು, ಕಬ್ಬಿಣದ ಪೈಪು, ಬೇಗ ಮುಗಿಸಿಬಿಡುತ್ತೇನೆ ಎಂಬ ಮಾತು ಇವು ಯಾವುವೂ ಅದಕ್ಕೆ ಬದಲಿಯಲ್ಲ. ಹೈಡ್ರಾಲಿಕ್ ಹೋಸಿನಲ್ಲಿ ಲೀಕ್ ಇದೆಯೇ ಎಂದು ಬೆರಳು ಸವರಿ ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇನ್ನೂರು ಮುನ್ನೂರು ಬಾರ್ ಒತ್ತಡದಲ್ಲಿ ಸೂಜಿಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆಯಾದರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ಲೀಕ್ ನೋಡಲು ರಟ್ಟಿನ ತುಂಡು ಸಾಕು.

ಎಡವನ್ನು ಬಲಕ್ಕೆ ಹೋಲಿಸಿ

ಸ್ಕಿಡ್ ಸ್ಟಿಯರ್ ಯಂತ್ರ ಮೆಕ್ಯಾನಿಕ್‌ಗೆ ಕೊಡುವ ಒಂದು ದೊಡ್ಡ ಅನುಕೂಲವನ್ನು ಹೆಚ್ಚಿನವರು ಬಳಸುವುದೇ ಇಲ್ಲ. ಇದರಲ್ಲಿ ಎಲ್ಲವೂ ಎರಡೆರಡು ಇವೆ: ಎರಡು ಲಿವರ್, ಎರಡು ಲಿಂಕ್ ರಾಡ್, ಎರಡು ಪಂಪ್, ಎರಡು ಮೋಟರ್. ಎಡಗಡೆ ಸರಿಯಿದ್ದು ಬಲಗಡೆ ಕೆಟ್ಟಿದ್ದರೆ, ಬಲಗಡೆ ಹೇಗಿರಬೇಕಿತ್ತು ಎಂಬುದರ ಅಳತೆಗೋಲು ಒಂದು ಮೊಳ ದೂರದಲ್ಲೇ ಇದೆ. ಮೀನು, ಕೋಳಿ ಮಾರುವವರು ಬಳಸುವ ಕೊಕ್ಕೆಯ ತಕ್ಕಡಿಯೊಂದನ್ನು ಲಿವರ್‌ನ ಹಿಡಿಕೆಗೆ ಸಿಕ್ಕಿಸಿ, ಎಂಜಿನ್ ನಿಲ್ಲಿಸಿದ ಸ್ಥಿತಿಯಲ್ಲಿ ನಿಧಾನವಾಗಿ ಎಳೆದು, ಲಿವರ್ ಅಲುಗುವಾಗ ಎಷ್ಟು ಕಿಲೋ ತೋರಿಸುತ್ತದೆ ಎಂದು ಎರಡೂ ಕಡೆ ಬರೆದುಕೊಳ್ಳಿ. ಹೋಲಿಕೆಗೆ ಈ ಎರಡು ಅಂಕಿ ಸಾಕು, ಕಂಪನಿಯ ಪುಸ್ತಕ ಕೈಗೆ ಸಿಗಲೇಬೇಕೆಂದಿಲ್ಲ. ಎರಡೂ ಕಡೆ ಒಂದೇ ಸಮನೆ ಬಿಗಿಯಾಗಿದ್ದರೆ ಕಾರಣವೂ ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿರಬೇಕು: ಅಡ್ಡ ಶಾಫ್ಟ್, ಅದರ ಸುತ್ತ ತುಂಬಿದ ಮಣ್ಣು, ಎತ್ತಿ ಇಳಿಸಿದ ಮೇಲೆ ಸರಿಯಾಗಿ ಕೂರದ ಕ್ಯಾಬ್ (ಆಪರೇಟರ್ ಕೂರುವ ಗೂಡು), ಇಲ್ಲವೇ ಆಯಿಲ್. ಒಂದೇ ಕಡೆ ಬಿಗಿಯಿದ್ದರೆ ಆಯಿಲ್ಲನ್ನು ಮೊದಲಿಗೇ ಅನುಮಾನಿಸುವುದು ತಪ್ಪು, ಏಕೆಂದರೆ ಎರಡೂ ಪಂಪ್‌ಗಳು ಕುಡಿಯುವುದು ಒಂದೇ ಟ್ಯಾಂಕಿನ ಆಯಿಲ್.

ಇದರ ಜೊತೆಗೆ ಲಿವರ್‌ನದಲ್ಲದ ತಪ್ಪನ್ನು ಲಿವರ್ ಮೇಲೆ ಹಾಕುತ್ತಿಲ್ಲವೇ ಎಂದೂ ನೋಡಬೇಕು. ಒಂದು ಕಡೆಯ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಯಂತ್ರ ಆ ಕಡೆಗೆ ಎಳೆಯುತ್ತದೆ, ನೇರ ಓಡಿಸಲು ಆಪರೇಟರ್ ಆ ಬದಿಯ ಲಿವರನ್ನು ಹೆಚ್ಚು ತಳ್ಳುತ್ತಾನೆ, ಸಂಜೆಯ ಹೊತ್ತಿಗೆ ಆ ಲಿವರ್ ಬಿಗಿ ಎನ್ನುತ್ತಾನೆ. ಬಕೆಟ್ ಖಾಲಿಯಿದ್ದಾಗ ಯಂತ್ರದ ತೂಕದ ಸುಮಾರು ಶೇಕಡಾ 70 ಭಾಗ ಹಿಂದಿನ ಚಕ್ರಗಳ ಮೇಲೆ, ತುಂಬಿದಾಗ ಹೆಚ್ಚು ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅರ್ಧ ತುಂಬಿದ ಬಕೆಟ್ಟಿನಲ್ಲಿ ಭಾರ ನಾಲ್ಕೂ ಚಕ್ರಕ್ಕೆ ಹಂಚಿಹೋದಾಗ ತಿರುಗುವುದು ಕಷ್ಟ, ಆಗಲೂ ಬೈಗುಳ ತಿನ್ನುವುದು ಲಿವರ್. ಕೂತವರ ಮಡಿಲ ಮೇಲೆ ಇಳಿಯುವ ಸೀಟ್ ಬಾರ್ ಪೂರ್ತಿ ಕೆಳಗಿಳಿಯದಿದ್ದರೆ ಯಂತ್ರದ ಚಲನೆಗೆ ಬೀಗ ಬೀಳುವ ವ್ಯವಸ್ಥೆಯೂ ಇದೆ, ಸೀಟ್ ಸ್ವಿಚ್ ಕೆಟ್ಟಿದ್ದರೆ ಅದು ಕೆಲಸದ ನಡುವೆಯೇ ಬೀಳಬಹುದು. ಆ ಸ್ವಿಚ್ಚನ್ನು ವೈರ್ ಸುತ್ತಿ ನಿಷ್ಕ್ರಿಯಗೊಳಿಸಿದ ಯಂತ್ರಗಳನ್ನು ನೋಡಿದ್ದೇನೆ. ಅದನ್ನು ರಿಪೇರಿ ಎನ್ನಲಾಗದು.

ಸರಪಳಿಯನ್ನು ನಡುವೆ ಕತ್ತರಿಸುವುದು

ಈಗ ಮುಖ್ಯ ಪರೀಕ್ಷೆ. ಕೈಯಿಂದ ತಟ್ಟೆಯವರೆಗಿನ ದಾರಿ ಒಂದು ಸರಪಳಿಯಾದರೆ, ಅದನ್ನು ಪಂಪಿನ ಆರ್ಮ್ ಹತ್ತಿರ ಕತ್ತರಿಸಬೇಕು. ಎಂಜಿನ್ ನಿಂತಿರುವಾಗ, ಲಿಂಕ್ ರಾಡಿನ ಹಿಂದಿನ ತುದಿಯ ಬೋಲ್ಟ್ ಬಿಚ್ಚಿ, ರಾಡನ್ನು ಆರ್ಮ್‌ನಿಂದ ಬೇರ್ಪಡಿಸಿ. ನಡುವಿಗೆ ಎಳೆಯುವ ಸೆಂಟರಿಂಗ್ ಸ್ಪ್ರಿಂಗ್ ಯಾವ ಭಾಗದಲ್ಲಿ ಉಳಿಯಿತು ಎಂಬುದನ್ನು ಗಮನದಲ್ಲಿಟ್ಟುಕೊಂಡು, ಲಿವರನ್ನು ಹಿಂದೆ ಮುಂದೆ ಆಡಿಸಿ ನೋಡಿ. ಬಿಗಿತ ಹಾಗೆಯೇ ಇದ್ದರೆ ದೋಷ ಮುಂದಿನ ಅರ್ಧದಲ್ಲಿದೆ, ಪಂಪನ್ನು ಮುಟ್ಟಬೇಕಾಗಿಲ್ಲ. ಲಿವರ್ ಹಗುರವಾಗಿ ಆಡುತ್ತಿದ್ದು, ಆರ್ಮನ್ನು ಕೈಯಿಂದ ತಿರುಗಿಸಿದಾಗ ಅದು ಗಟ್ಟಿಯಾಗಿಯೋ ತಡೆತಡೆದೋ ಚಲಿಸಿದರೆ ದೋಷ ಪಂಪಿನ ಕಡೆಗಿದೆ. ಎರಡೂ ಬಿಡಿಬಿಡಿಯಾಗಿ ಸಲೀಸಾಗಿದ್ದು, ಜೋಡಿಸಿದ ಮೇಲೆ ಮಾತ್ರ ಸಿಕ್ಕಿಕೊಂಡರೆ ರಾಡಿನ ಉದ್ದ ಅಥವಾ ಬಾಲ್ ಜಾಯಿಂಟ್ ಕೂತಿರುವ ಕೋನ ತಪ್ಪಾಗಿದೆ. ಅರ್ಧ ಗಂಟೆಯ ಈ ಕೆಲಸ ಮಾಡದೆ ಪಂಪ್ ಇಳಿಸಿದವರು ದಿನಗಟ್ಟಲೆ ಯಂತ್ರ ನಿಲ್ಲಿಸಿದ್ದನ್ನು ಕಂಡಿದ್ದೇನೆ. ರಾಡ್ ಬಿಚ್ಚಿಟ್ಟ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಬಾರದು ಎಂಬುದನ್ನು ಹೆಲ್ಪರ್‌ಗೂ ಗಟ್ಟಿಯಾಗಿ ಹೇಳಿರಬೇಕು, ಏಕೆಂದರೆ ಆಗ ತಟ್ಟೆ ಎಲ್ಲಿ ನಿಂತಿದೆಯೋ ಆ ವೇಗಕ್ಕೆ ಚಕ್ರ ತಿರುಗುತ್ತದೆ, ಲಿವರ್ ಅದನ್ನು ತಡೆಯಲಾರದು.

ಗ್ರಾನೈಟ್ ಕತ್ತರಿಸುವ ಯಾರ್ಡೊಂದರಲ್ಲಿ ಹೀಗೆಯೇ ಬಲ ಲಿವರ್ ಬಿಗಿ ಎಂದು ಪಂಪ್ ಇಳಿಸಲು ತಯಾರಾಗಿದ್ದರು. ಆಪರೇಟರ್ ಹೇಳಿದ ಒಂದು ಮಾತು ವಿಚಿತ್ರವಾಗಿತ್ತು: "ಸಾಯಂಕಾಲ ತೊಳೆದ ಮೇಲೆ ಬೆಣ್ಣೆ ಥರ ಇರುತ್ತೆ ಸರ್, ಬೆಳಿಗ್ಗೆ ಬಂದ್ರೆ ಎರಡು ಕೈ ಹಾಕಿ ಎಳೀಬೇಕು." ಬೆಳಗಿನ ಚಳಿಗೆ ಆಯಿಲ್ ಗಟ್ಟಿಯಾಗುತ್ತದೆ ಎಂದು ಮಾಲೀಕರು ತೀರ್ಮಾನಿಸಿದ್ದರು. ಆದರೆ ಎಡ ಲಿವರ್ ಚೆನ್ನಾಗಿಯೇ ಇತ್ತು, ಎಡಗಡೆಗೆ ಬೇರೆ ಚಳಿಗಾಲ ಇರುವುದಿಲ್ಲವಲ್ಲ. ರಾಡ್ ಬಿಚ್ಚಿದಾಗ ಪಂಪಿನ ಆರ್ಮ್ ಹಗುರವಾಗಿ ತಿರುಗಿತು, ಲಿವರ್ ಮಾತ್ರ ಅಲುಗಲಿಲ್ಲ. ಫ್ಲೋರ್ ಪ್ಲೇಟ್ ತೆಗೆದು ನೋಡಿದರೆ ಬಲ ಲಿವರ್‌ನ ಬುಡದ ಸುತ್ತ ಬೂದುಬಣ್ಣದ ಗಟ್ಟಿ ಪದರವೊಂದು ಗೆದ್ದಲ ಹುತ್ತದ ಹಾಗೆ ಕಟ್ಟಿಕೊಂಡಿತ್ತು. ಕಲ್ಲು ಕೊಯ್ಯುವಾಗ ಬರುವ ನುಣುಪು ಕೆಸರು ಅದು. ಲಿವರ್ ಬುಡವನ್ನು ಮುಚ್ಚುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿತ್ತು, ಪ್ರತಿ ಸಂಜೆ ಶ್ರದ್ಧೆಯಿಂದ ಪ್ರೆಶರ್ ವಾಷರ್ ಹಿಡಿದು ತೊಳೆಯುತ್ತಿದ್ದ ಹುಡುಗ ಆ ಹರಿದ ಬಾಯಿಂದ ಕೆಸರನ್ನು ನೇರವಾಗಿ ಬುಷ್‌ನೊಳಕ್ಕೆ ಹೊಡೆಯುತ್ತಿದ್ದ. ಒದ್ದೆಯಿರುವಷ್ಟು ಹೊತ್ತು ನೀರೇ ಜಾರಿಸುತ್ತಿತ್ತು, ರಾತ್ರಿ ಒಣಗಿದರೆ ಗಾರೆಯಾಗುತ್ತಿತ್ತು. ಬುಷ್ ಹೊಡೆದು ತೆಗೆದಾಗ ಅದರ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಹೊಸ ಬುಷ್, ಹೊಸ ಬೂಟ್, ಗ್ರೀಸ್ ಹಾಕಿದ್ದಷ್ಟಕ್ಕೆ ಕೆಲಸ ಮುಗಿಯಿತು. ಆ ಪದರವನ್ನು ಗಾಳಿ ಹೊಡೆದು ಹಾರಿಸಲು ಒಬ್ಬರು ಕಂಪ್ರೆಸರ್ ಪೈಪ್ ತಂದಿದ್ದರು; ಬೇಡವೆಂದೆ. ಗ್ರಾನೈಟಿನ ಒಣಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಒದ್ದೆ ಮಾಡಿ ಕೆರೆದು ತೆಗೆಯುವುದೇ ಸರಿ.

ಮುಂದಿನ ಅರ್ಧದ ದೋಷಗಳಲ್ಲಿ ಬುಷ್ ನಂತರ ಹೆಚ್ಚಾಗಿ ಸಿಗುವುದು ಲಿಂಕ್ ರಾಡಿನ ಬಾಲ್ ಜಾಯಿಂಟ್‌ಗಳು. ತುಕ್ಕು ಹಿಡಿದು ಗಟ್ಟಿಯಾದದ್ದನ್ನು ಯಾರಾದರೂ ಗುರುತಿಸುತ್ತಾರೆ. ಗುರುತಿಗೆ ಸಿಗದ್ದು ಜೋಡಿಸುವಾಗಿನ ತಪ್ಪು. ರಾಡಿನ ಉದ್ದ ಸರಿಪಡಿಸಿ ಲಾಕ್ ನಟ್ ಬಿಗಿಯುವಾಗ ಸ್ಪ್ಯಾನರ್‌ನ ಬಲಕ್ಕೆ ಒಂದು ತುದಿಯ ಜಾಯಿಂಟ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಲಿವರ್ ನಡುವಿನಲ್ಲಿದ್ದಾಗ ಏನೂ ಗೊತ್ತಾಗುವುದಿಲ್ಲ, ಆದರೆ ಪೂರ್ತಿ ಮುಂದಕ್ಕೋ ಹಿಂದಕ್ಕೋ ಹೋದಾಗ ಜಾಯಿಂಟ್‌ನ ಅಂಚು ಆರ್ಮ್‌ಗೆ ತಾಗಿ ಹಿಡಿಯುತ್ತದೆ. ಪೂರ್ಣ ವೇಗದಲ್ಲಿ ಮಾತ್ರ ಲಿವರ್ ಹಿಡಿದುಕೊಳ್ಳುತ್ತದೆ ಎಂಬ ದೂರಿನ ಹಿಂದೆ ಇದು ಎಷ್ಟೋ ಸಲ ಇರುತ್ತದೆ. ಎರಡೂ ತುದಿಯ ಜಾಯಿಂಟ್‌ಗಳನ್ನು ಒಂದೇ ಸಮತಲಕ್ಕೆ ತಂದು, ಒಂದನ್ನು ಹಿಡಿದಿಟ್ಟು ನಟ್ ಬಿಗಿದು, ಆಮೇಲೆ ರಾಡನ್ನು ಬೆರಳುಗಳಿಂದ ಹೊರಳಿಸಿ ನೋಡಬೇಕು. ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಹೊರಳಿದರೆ ಸರಿಯಾಗಿದೆ ಎಂದರ್ಥ.

ಬೋಲ್ಟ್‌ಗಳ ವಿಷಯದಲ್ಲಿಯೂ ಇಂಥದೇ ಒಂದು ಮೋಸ ಇದೆ. ಲಿವರ್ ಆಡುವ ಪಿವಟ್ ಜಾಗದಲ್ಲಿ ಕಂಪನಿ ಹಾಕಿರುವ ಬೋಲ್ಟ್‌ಗೆ ನಡುವೆ ನುಣುಪಾದ ಮೈ ಇರುತ್ತದೆ, ಬುಷ್ ಆಡುವುದು ಆ ನುಣುಪಿನ ಮೇಲೆ. ಅದು ಕಳೆದುಹೋದಾಗ ಹತ್ತಿರದ ಅಂಗಡಿಯಿಂದ ಉದ್ದಕ್ಕೂ ಥ್ರೆಡ್ ಇರುವ ಬೋಲ್ಟ್ ತಂದು ಹಾಕಿದರೆ, ಥ್ರೆಡ್‌ಗಳು ಅರದ ಹಾಗೆ ಬುಷ್ಷನ್ನು ಕೆರೆಯುತ್ತವೆ. ಲಿವರ್ ಕರಕರ ಎನ್ನುತ್ತಾ ತಡೆತಡೆದು ಚಲಿಸುತ್ತದೆ. ಇನ್ನು ಕೆಲವರು ಬಿಗಿಯಾಗಿರಲಿ ಎಂದು ಪಿವಟ್ ನಟ್ಟನ್ನು ಇದ್ದ ಬಲವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ಕ್ಯಾಬ್ ಎತ್ತಿ ಇಳಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಕ್ಯಾಬ್ ಪೂರ್ತಿ ಕೂತಿದೆಯೇ, ಲಿವರ್ ಬೂಟ್ ಮಡಚಿಕೊಂಡಿದೆಯೇ, ಯಾರಾದರೂ ಎಳೆದ ಹೊಸ ವೈರ್ ಲಿಂಕ್ ರಾಡಿಗೆ ಸುತ್ತಿಕೊಂಡಿದೆಯೇ ಎಂದು ನೋಡಿದರೆ ಸಾಕು.

ತಳ್ಳಿದರೆ ಹೋಗಿ ಮರಳಿ ಬಾರದ ಲಿವರ್‌ನ ಕಥೆ ಬೇರೆ. ತಳ್ಳುವುದು ಮನುಷ್ಯನ ತೋಳು, ಮರಳಿ ತರುವುದು ಸ್ಪ್ರಿಂಗ್. ತೋಳಿನ ಗಮನಕ್ಕೇ ಬಾರದಷ್ಟು ಸಣ್ಣ ಬಿಗಿತ ಸ್ಪ್ರಿಂಗನ್ನು ಸೋಲಿಸಬಹುದು. ಹಾಗಾಗಿ ಇಲ್ಲಿ ಸ್ಪ್ರಿಂಗ್ ತುಂಡಾಗಿದೆಯೇ, ಒಂದು ಕಡೆ ಕೊಂಡಿ ಕಳಚಿದೆಯೇ, ಅದು ಒತ್ತುವ ಬ್ಲಾಕ್ ಸವೆದು ಗುಳಿಬಿದ್ದಿದೆಯೇ ಎಂದು ಮೊದಲು ನೋಡಿ, ಆಮೇಲೆ ಡ್ಯಾಂಪರ್ ಬಿಚ್ಚಿ ಕೈಯಲ್ಲಿ ಹಿಡಿದು ಎಳೆದು ನೋಡಬೇಕು. ಡ್ಯಾಂಪರ್ ಎರಡೂ ದಿಕ್ಕಿಗೆ ಒಂದೇ ಸಮನೆ, ಎಲ್ಲೂ ಸಿಕ್ಕಿಕೊಳ್ಳದೆ ಚಲಿಸಬೇಕು. ಒಳಗೆ ಬಾಗಿದ ರಾಡ್ ಇದ್ದರೆ ಒಂದು ಜಾಗದಲ್ಲಿ ನಿಲ್ಲುತ್ತದೆ. ಮರಳದ ಲಿವರ್‌ಗೆ ಹೊರಗಿನಿಂದ ಹೆಚ್ಚುವರಿ ಸ್ಪ್ರಿಂಗ್ ಕಟ್ಟಿಕೊಡುವ ಜಾಣತನ ಅಲ್ಲಲ್ಲಿ ಕಾಣುತ್ತದೆ. ಅದು ಬಿಗಿತವನ್ನು ಮುಚ್ಚಿಡುತ್ತದೆ, ನ್ಯೂಟ್ರಲ್ಲನ್ನು ಒಂದು ಬದಿಗೆ ಎಳೆಯುತ್ತದೆ, ಕೊನೆಗೆ ಯಂತ್ರ ತೆವಳಲು ಶುರುಮಾಡುತ್ತದೆ.

ತೆವಳುವಿಕೆಯನ್ನು ಸರಿಪಡಿಸುವ ನ್ಯೂಟ್ರಲ್ ಹೊಂದಾಣಿಕೆಯನ್ನು ಬಿಗಿತವೆಲ್ಲ ನಿವಾರಣೆಯಾದ ಮೇಲೆಯೇ ಮಾಡಬೇಕು. ಇದಕ್ಕೆ ನಾಲ್ಕೂ ಚಕ್ರ ನೆಲಬಿಟ್ಟು ಏಳುವಂತೆ ಯಂತ್ರವನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಒಬ್ಬರು ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಎಂಜಿನ್ ಚಾಲೂ ಮಾಡಿ, ಆ ಮಾದರಿಯ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ ರಾಡಿನ ಉದ್ದವನ್ನೋ ಸೆಂಟರಿಂಗ್ ಪ್ಲೇಟನ್ನೋ ಚಕ್ರ ನಿಲ್ಲುವವರೆಗೆ ಸರಿಸಬೇಕು. ತಿರುಗುವ ಚಕ್ರ, ಚಾಲೂ ಇರುವ ಎಂಜಿನ್ ಎರಡೂ ಹತ್ತಿರವಿರುವ ಕೆಲಸವಾದ್ದರಿಂದ ಇದನ್ನು ಒಮ್ಮೆಯೂ ಮಾಡದವರು ಮಾಡಿದವರ ಜೊತೆ ನಿಂತು ಕಲಿಯುವುದು ಒಳ್ಳೆಯದು.

ದೋಷ ನಿಜಕ್ಕೂ ಪಂಪಿನದೇ ಆದಾಗ

ಆರ್ಮ್ ಕೈಗೆ ಗಟ್ಟಿಯಾಗಿ ಸಿಕ್ಕಿದರೆ ಮೊದಲು ಹೊರಗಿನದನ್ನೇ ನೋಡಬೇಕು. ಆರ್ಮ್ ಹೊರಬರುವ ಜಾಗದ ಸೀಲ್ ಸುತ್ತ ತುಕ್ಕು, ಗಟ್ಟಿಯಾದ ಮಣ್ಣು ಇದ್ದರೆ ಅದೇ ಹಿಡಿಯುತ್ತಿರಬಹುದು. ಆ ಸೀಲ್ ಹೋದರೆ ಹೊರಗಿನ ನೀರು ಒಳಗಿನ ಬೇರಿಂಗ್‌ವರೆಗೆ ಇಳಿಯುತ್ತದೆ. ಟ್ಯಾಂಕಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ತಿಳಿಯಬೇಕು. ಅಂಥ ಆಯಿಲ್‌ನಲ್ಲಿ ತಟ್ಟೆಯ ಬೇರಿಂಗ್‌ಗಳು ಬಹಳ ದಿನ ಬಾಳುವುದಿಲ್ಲ. ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿದಾಗ ಹಿತ್ತಾಳೆ ಬಣ್ಣದ ಮಿಣುಕು ಕಂಡರೆ ಪಿಸ್ಟನ್‌ಗಳ ಪಾದ ಸವೆಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ, ಆಗ ಪಂಪ್ ಇಳಿಸಲೇಬೇಕು. ಇದಕ್ಕೆ ವಿರುದ್ಧವಾದ ಒಂದು ದೋಷವೂ ಇದೆ: ಆರ್ಮನ್ನು ಪಂಪಿನ ಶಾಫ್ಟಿಗೆ ಹಿಡಿದಿಡುವ ಬೋಲ್ಟ್ ಸಡಿಲಾದರೆ ಲಿವರ್ ಮೊದಲು ಖಾಲಿ ಹೋಗಿ ಆಮೇಲೆ ಹಿಡಿಯುತ್ತದೆ, ಆಪರೇಟರನಿಗೆ ಅದೂ ಸಿಕ್ಕಿಕೊಂಡಂತೆಯೇ ಅನ್ನಿಸುತ್ತದೆ. ಆರ್ಮ್ ಮತ್ತು ಶಾಫ್ಟಿನ ಮೇಲೆ ಚಾಕ್‌ಪೀಸಿನಿಂದ ಒಂದೇ ಗೆರೆ ಎಳೆದು ಲಿವರ್ ಆಡಿಸಿದರೆ, ಗೆರೆ ಮುರಿದು ಎರಡಾಗುವುದು ಕಣ್ಣಿಗೇ ಕಾಣುತ್ತದೆ.

ಎರಡೂ ಲಿವರ್‌ಗಳು ಬೆಳಿಗ್ಗೆ ಮಾತ್ರ ಮಂದವಾಗಿದ್ದು ಯಂತ್ರ ಕಾದಂತೆ ಸರಿಹೋಗುವುದಾದರೆ ಆಗ ಆಯಿಲ್ಲನ್ನು ಅನುಮಾನಿಸಬಹುದು. ಡಬ್ಬದ ಮೇಲಿನ 46 ಎಂಬ ಸಂಖ್ಯೆಗೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಆಯಿಲ್‌ನ ಸ್ನಿಗ್ಧತೆ ಸುಮಾರು 46 ಸೆಂಟಿಸ್ಟೋಕ್ ಎಂದರ್ಥ, 68 ಎಂದಿದ್ದರೆ ಅದಕ್ಕಿಂತ ದಪ್ಪ. ಸಿಕ್ಕಿತೆಂದು ದಪ್ಪ ಆಯಿಲ್ ತುಂಬಿಸಿದ ಯಂತ್ರ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಸೋಮಾರಿಯಾಗುವುದು ಸಹಜ. ಪುಸ್ತಕ ಹೇಳಿದ ಆಯಿಲ್ ಹಾಕಿ, ಐದು ನಿಮಿಷ ಎಂಜಿನ್ ಓಡಿಸಿ ಕೆಲಸ ಶುರುಮಾಡಿದರೆ ಆಗುತ್ತದೆ.

ಹೊಸ ಯಂತ್ರಗಳಲ್ಲಿ ಲಿಂಕ್ ರಾಡ್ ಬದಲು ಪೈಲಟ್ ಜಾಯ್‌ಸ್ಟಿಕ್ ಇರಬಹುದು; ಅದು ಕಡಿಮೆ ಒತ್ತಡದ ಆಯಿಲ್ ಕಳಿಸಿ ಪಂಪಿನೊಳಗಿನ ಸರ್ವೋ ಪಿಸ್ಟನ್‌ನಿಂದ ತಟ್ಟೆಯನ್ನು ವಾಲಿಸುತ್ತದೆ. ಇಲ್ಲಿಯೂ ನಡುವೆ ಕತ್ತರಿಸುವ ಉಪಾಯವೇ ನಡೆಯುತ್ತದೆ, ಆದರೆ ಸ್ಪ್ಯಾನರ್ ಬದಲು ಪ್ರೆಶರ್ ಗೇಜ್ ಬೇಕು. ಜಾಯ್‌ಸ್ಟಿಕ್ ಬಿಟ್ಟ ಕೂಡಲೇ ಪೈಲಟ್ ಲೈನಿನ ಒತ್ತಡ ಇಳಿಯಬೇಕು. ಇಳಿದ ಮೇಲೂ ಚಕ್ರ ತಿರುಗುತ್ತಿದ್ದರೆ ಪಂಪಿನ ಸರ್ವೋ ಸಿಕ್ಕಿಕೊಂಡಿದೆ, ಒತ್ತಡವೇ ಇಳಿಯದಿದ್ದರೆ ಜಾಯ್‌ಸ್ಟಿಕ್‌ನ ಕೆಳಗಿನ ವಾಲ್ವ್ ಸಿಕ್ಕಿಕೊಂಡಿದೆ. ಪೂರ್ತಿ ಎಲೆಕ್ಟ್ರಾನಿಕ್ ಜಾಯ್‌ಸ್ಟಿಕ್‌ನಲ್ಲಿ ಕೈಗೆ ಬಿಗಿ ಅನ್ನಿಸುವುದಕ್ಕೆ ಕಾರಣ ಬೂಟ್ ಒಳಗೆ ಇಳಿದ ಧೂಳೋ, ಚೆಲ್ಲಿದ ಚಹಾದ ಸಕ್ಕರೆಯೋ ಆಗಿರುತ್ತದೆಯೇ ಹೊರತು ಹೈಡ್ರಾಲಿಕ್ ಅಲ್ಲ; ಯಂತ್ರದ ವರ್ತನೆಯೇ ತಪ್ಪಿದ್ದರೆ ಡಿಸ್‌ಪ್ಲೇಯಲ್ಲಿ ಬರುವ ಕೋಡ್ ಬರೆದುಕೊಂಡು ಆ ಮಾದರಿಯ ಪಟ್ಟಿ ನೋಡುವುದೇ ದಾರಿ.

ಎಣ್ಣೆ, ಗ್ರೀಸ್ ಮತ್ತು ತೊಳೆಯುವ ನೀರು

ಬಿಗಿಯಾದ ಲಿವರ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಸುಖವಾಗಿರುತ್ತದೆ. ಆ ಸ್ಪ್ರೇ ಹೆಚ್ಚಾಗಿ ತೆಳುವಾದ ದ್ರಾವಕ, ಆರಿಹೋಗುತ್ತದೆ, ಹೋಗುವಾಗ ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ. ಬಿಚ್ಚಲು ಅದನ್ನು ಬಳಸಿ, ಬಾಳಿಸಲು ಗ್ರೀಸ್ ಬಳಸಬೇಕು. ಗ್ರೀಸ್ ಗನ್ ಹಿಡಿಯುವ ಮೊದಲು ನಿಪ್ಪಲ್‌ನ ತಲೆ ಒರೆಸಬೇಕು, ಇಲ್ಲದಿದ್ದರೆ ತಲೆಯ ಮೇಲಿನ ಮಣ್ಣೇ ಮೊದಲು ಒಳಗೆ ಹೋಗುತ್ತದೆ. ಬುಷ್‌ನ ಅಂಚಿನಿಂದ ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣಿಸುವವರೆಗೆ ತುಂಬಿದರೆ ಸಾಕು. ಆದರೆ ಎಲ್ಲಕ್ಕೂ ಗ್ರೀಸ್ ಹಚ್ಚುವುದು ತಪ್ಪು. ನಿಪ್ಪಲ್ ಇಲ್ಲದ, ಒಳಗೆ ಪ್ಲಾಸ್ಟಿಕ್ ಪದರವಿರುವ ಬಾಲ್ ಜಾಯಿಂಟ್‌ಗಳು ಒಣಗಿಯೇ ಕೆಲಸ ಮಾಡುವಂಥವು, ಅವುಗಳ ಮೇಲೆ ಬಳಿದ ಗ್ರೀಸ್ ಧೂಳನ್ನು ಕರೆದು ಕೂರಿಸುತ್ತದೆ. ಕೊಟ್ಟಿಗೆಯಲ್ಲಿ ಓಡುವ ಯಂತ್ರಕ್ಕೆ ಗಂಜಲ, ಸಗಣಿಯಿಂದ ತುಕ್ಕು ಬೇಗ ಹಿಡಿಯುವುದರಿಂದ ತೊಳೆಯಲೇಬೇಕು, ಆದರೆ ಪ್ರೆಶರ್ ವಾಷರ್‌ನ ನಳಿಕೆಯನ್ನು ಲಿವರ್ ಬುಡಕ್ಕೂ ಪಂಪಿನ ಆರ್ಮ್‌ಗೂ ನೇರ ಹಿಡಿಯಬಾರದು. ಅಲ್ಲಿ ಬಕೆಟ್ ನೀರು, ಬ್ರಷ್ ಸಾಕು.

ರಿಪೇರಿ ಮುಗಿದ ಮೇಲೆ ಕೊಕ್ಕೆಯ ತಕ್ಕಡಿಯನ್ನು ಮತ್ತೊಮ್ಮೆ ಎರಡೂ ಲಿವರ್‌ಗಳಿಗೆ ಸಿಕ್ಕಿಸಿ ಎಳೆದು, ಬಂದ ಅಂಕಿಗಳನ್ನು ತಾರೀಖಿನ ಜೊತೆ ಎಂಜಿನ್ ಬಾಗಿಲಿನ ಒಳಮೈಯಲ್ಲಿ ಪೇಂಟ್ ಮಾರ್ಕರ್‌ನಿಂದ ಬರೆದಿಡುವುದು ನಮ್ಮ ವರ್ಕ್‌ಶಾಪಿನ ರೂಢಿ. ಮುಂದಿನ ಸಲ ಲಿವರ್ ಬಿಗಿ ಎಂದು ಫೋನ್ ಬಂದಾಗ, ಆ ಬಾಗಿಲು ತೆರೆದು ಅಂಕಿ ಓದಿ ಹೇಳಿ, ಈಗ ಎಳೆದರೆ ಎಷ್ಟು ಬರುತ್ತದೆ ಎಂಬುದನ್ನೂ ಹೇಳಿ ಎಂದು ಆಪರೇಟರನನ್ನೇ ಕೇಳಬಹುದು.